ಮಾಸ್ತರು ಹೂಂ ಅಂದ ಮೇಲೆ

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಕಾಫಿಪುಡಿ ಬರಲಿ, ಹೊಸ ಬೆಣ್ಣೆ ಬರಲಿ, ಮಾಸ್ತರು ಒಂದು ಚಮಚ ಬಾಯಿಗೆ ಹಾಕಿಕೊಂಡು "ಹೂಂ" ಅನ್ನುವ ತನಕ ಇನ್ನೊಬ್ಬರು ಅದನ್ನು ಮುಟ್ಟುವಂತಿರಲಿಲ್ಲ. ಹೂಂ ಅಂದ ಮೇಲೆ ಅದು ಚೆನ್ನಾಗಿಲ್ಲ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಮಾಸ್ತರು ಎಂದರೆ ಪಾಠ ಹೇಳುವ ಮಾಸ್ತರಲ್ಲ. ಕಾಫಿಬೀಜ ಹುರಿದು ಮಾರುವ ಕಂಪನಿಯಲ್ಲಿ ರುಚಿ ನೋಡುವ ಕೆಲಸ ಅವರದ್ದು. ಉದ್ದನೆಯ ಮೇಜಿನ ಮೇಲೆ ಸಾಲಾಗಿ ಬಟ್ಟಲುಗಳು. ಒಂದೊಂದರಿಂದಲೂ ಒಂದು ಚಮಚ ಸೊರ್ರೆಂದು ಎಳೆದು, ಬಾಯಿತುಂಬ ಆಡಿಸಿ, ಪಕ್ಕದ ಪೀಕದಾನಿಗೆ ಪಿಚಕ್ಕೆಂದು ಉಗಿದು, ಇದು ಹುಳಿ, ಇದು ಹೊಗೆ, ಇದಕ್ಕೆ ಗೋಣಿಚೀಲದ ವಾಸನೆ ಹತ್ತಿದೆ ಎಂದು ತೀರ್ಪು ಕೊಡುವುದು. ಅವರು ಬೇಡ ಅಂದರೆ ಆ ಚೀಲ ಗೋದಾಮಿನಿಂದ ಹೊರಗೆ. ಹೀಗಾಗಿ ರುಚಿಮಾಸ್ತರು ಎಂಬ ಹೆಸರು ಬಿತ್ತು. ಕಂಪನಿಯಲ್ಲಿ ಹುಟ್ಟಿದ ಹೆಸರು ಮನೆಗೂ ಬಂತು. ಸಿಟ್ಟು ಬಂದಾಗ ಹೆಂಡತಿ ಕೂಡ "ಏನಪ್ಪಾ ಮಾಸ್ತರೇ" ಎನ್ನುವಳು.

ಇಂಥ ಮಾಸ್ತರಿಗೆ ಒಂದು ಜ್ವರ ಬಂತು. ಜ್ವರ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಕೆಲವು ವಾರ ತಿಂದದ್ದೆಲ್ಲ ಬರೀ ಬಿಸಿ, ಇಲ್ಲವೇ ಬರೀ ತಣ್ಣಗೆ. ಆಮೇಲೆ ಮೂಗು ವಾಪಸು ಬಂತು, ಆದರೆ ಬಂದದ್ದು ಅವರ ಮೂಗಾಗಿರಲಿಲ್ಲ. ಬಿಸಿ ಕಾಫಿಯ ಆವಿ ಮುಖಕ್ಕೆ ತಾಗಿದರೆ ಸಾಕು, ಕೊಳೆತ ಈರುಳ್ಳಿ ಮತ್ತು ರಬ್ಬರು ಸುಟ್ಟ ನಾತ. ಮೊಟ್ಟೆ ಹುರಿದರೆ ಮೋರಿ. ಹಲ್ಲುಜ್ಜುವ ಪೇಸ್ಟು ಬಾಯಿಗಿಟ್ಟರೆ ಹೊಟ್ಟೆಯೊಳಗಿದ್ದುದೆಲ್ಲ ಗಂಟಲಿಗೆ ಬರುತ್ತಿತ್ತು. ಡಾಕ್ಟರು ಟಾರ್ಚು ಹಾಕಿ ನೋಡಿ, "ನರದ ತೊಂದರೆ. ತಾನಾಗೇ ಸರಿಹೋಗಬಹುದು, ಹೋಗದೇನೂ ಇರಬಹುದು. ಕಾಯಿರಿ" ಎಂದರು. ಕಾಯುವುದಕ್ಕೆ ಮಾತ್ರೆ ಬರೆದುಕೊಡಲಿಲ್ಲ.

ಮಾಸ್ತರು ಇದನ್ನು ಯಾರಿಗೂ ಹೇಳಲಿಲ್ಲ. ನಾಲಿಗೆಯಿಂದಲೇ ಅನ್ನ ಸಂಪಾದಿಸುವವನು ನನ್ನ ನಾಲಿಗೆ ಕೆಟ್ಟಿದೆ ಎಂದು ಯಾರ ಮುಂದೆ ಹೇಳಿಕೊಂಡಾನು? ಕಂಪನಿಯಲ್ಲಿ ಒಂದು ಉಪಾಯ ಹೂಡಿದರು. ತಮ್ಮ ಕೈಕೆಳಗಿನ ಹೆಂಗಸಿಗೆ "ನೀವು ಮೊದಲು ಹೇಳಿ, ಕಲೀಬೇಕಲ್ಲ" ಎಂದು ಬಿಟ್ಟು, ಅವಳು ಹೇಳಿದ್ದನ್ನೇ ಸ್ವಲ್ಪ ತಿರುಗಿಸಿ ತಾವು ಹೇಳುವುದು. "ಎಷ್ಟು ತಾಳ್ಮೆಯಿಂದ ಕಲಿಸ್ತಾರೆ ನೋಡಿ" ಎಂದು ಮ್ಯಾನೇಜರು ಹೊಗಳಿದರು. ಹೊಗಳಿಕೆ ಕೇಳುತ್ತ ಮಾಸ್ತರು ಪೀಕದಾನಿಗೆ ಉಗಿದರು. ಅವರ ಹೇಸಿಗೆಯಲ್ಲಿ ಅರ್ಧ ಕಾಫಿಯ ಮೇಲೆ, ಅರ್ಧ ತಮ್ಮ ಮೇಲೆ.

ಎಲ್ಲಕ್ಕಿಂತ ಕೆಟ್ಟದ್ದು ಮನೆಯಲ್ಲಿತ್ತು. ಹೆಂಡತಿಯೂ ನಾರುತ್ತಿದ್ದಳು.

ಅವಳದ್ದೇನೂ ತಪ್ಪಿಲ್ಲ. ಮಕ್ಕಳಿಗೆ ಈಜು ಕಲಿಸುವವಳು, ನೀರಲ್ಲೇ ಅರ್ಧ ದಿನ ಕಳೆದು ಬಂದು ಮನೆಯಲ್ಲಿ ಮತ್ತೆ ತಿಕ್ಕಿ ತೊಳೆದುಕೊಳ್ಳುವವಳು. ಆದರೆ ಆ ಸೋಪು, ಆ ಶಾಂಪೂ, ಅದರಡಿಯ ಬೆಚ್ಚನೆ ಕುತ್ತಿಗೆ, ಹಿಂದೆ ಮಾಸ್ತರು ಮುಖವಿಟ್ಟು ನಿದ್ದೆ ಹೋಗುತ್ತಿದ್ದ ಜಾಗ, ಈಗ ಡಬ್ಬಿಯಲ್ಲಿ ಮರೆತುಹೋದ ಮಾಂಸದ ಹಾಗೆ ನಾರುತ್ತಿತ್ತು. "ನನ್ನ ಕೆಮ್ಮಿನಿಂದ ನಿನ್ನ ನಿದ್ದೆ ಕೆಡುತ್ತೆ" ಎಂದು ಮಾಸ್ತರು ದಿಂಬು ಹಿಡಿದು ಪಕ್ಕದ ಕೋಣೆ ಸೇರಿದರು. ಕೆಮ್ಮು ನಿಂತ ಮೇಲೂ ದಿಂಬು ವಾಪಸು ಬರಲಿಲ್ಲ.

ಒಂದು ಹೊತ್ತು ಮಾತ್ರ ಅವಳ ಪಕ್ಕ ಕೂರಬಹುದಿತ್ತು, ಅವಳು ಕೊಳದಿಂದ ಬಂದ ತಕ್ಷಣ. ಕೊಳದ ನೀರಿಗೆ ಹಾಕುವ ಕ್ಲೋರಿನ್ನನ್ನು ಆ ಹಾಳು ಮೂಗು ಹೇಗೋ ಕೆಡಿಸದೆ ಬಿಟ್ಟಿತ್ತು. ಒದ್ದೆ ಕೂದಲಲ್ಲಿ ಅವಳು ಬಾಗಿಲು ತೆರೆದರೆ ಶುಭ್ರವಾದ, ಚುರುಗುಟ್ಟುವ ವಾಸನೆ ಒಳಗೆ ಬರುತ್ತಿತ್ತು. ಅದರಡಿಯಲ್ಲಿ ಇನ್ನೇನೂ ಇರುತ್ತಿರಲಿಲ್ಲ. "ಸ್ನಾನ ಆಮೇಲೆ ಮಾಡು, ಸ್ವಲ್ಪ ಹೊತ್ತು ಕೂತ್ಕೋ" ಎಂದರೆ, "ಅಯ್ಯೋ, ಮೈಯೆಲ್ಲ ಕೆರೀತಿದೆ ರೀ, ಕ್ಲೋರಿನ್ ನಾತ ಬೇರೆ" ಎಂದು ಬಚ್ಚಲಿಗೆ ಓಡುವಳು. ಸೋಪು ಹಚ್ಚಿಕೊಂಡು ಹೊರಗೆ ಬರುವಷ್ಟರಲ್ಲಿ ಮಾಸ್ತರು ಪಕ್ಕದ ಕೋಣೆಯಲ್ಲಿರುತ್ತಿದ್ದರು.

ಅವಳೇನು ದಡ್ಡಿಯೇ? ತಾನು ಬಗ್ಗಿದರೆ ಗಂಡ ಮುಖ ತಿರುಗಿಸುವುದು ಅವಳಿಗೆ ಕಂಡಿತ್ತು. ಸೋಪು ಬದಲಾಯಿಸಿದಳು, ಶಾಂಪೂ ಬದಲಾಯಿಸಿದಳು. ಒಂದು ದಿನ ಸೆಂಟು ಹಾಕಿಕೊಂಡು ಬಂದಳು. ಮಾಸ್ತರು "ಫೋನ್ ಬಂತು" ಎಂದು ಬಾಲ್ಕನಿಗೆ ಓಡಿ, ಬಾರದ ಫೋನನ್ನು ಕಿವಿಗೆ ಹಿಡಿದು ನಿಂತರು. ಏನು ಎಂದು ಅವಳು ಕೇಳಲಿಲ್ಲ. ಆದರೆ ಒಂದು ಬೆಳಿಗ್ಗೆ ಬೀರುವಿನ ಕನ್ನಡಿಯಲ್ಲಿ ಮಾಸ್ತರು ನೋಡಿದರು, ಅವಳು ಯಾರೂ ಇಲ್ಲವೆಂದುಕೊಂಡು ತನ್ನ ಅಂಗಿಯ ಕಾಲರನ್ನು ಎಳೆದು ತಾನೇ ಮೂಸಿ ನೋಡಿಕೊಳ್ಳುತ್ತಿದ್ದಳು. ಆ ದಿನ ಮಾಸ್ತರಿಗೆ ತಮ್ಮ ಮುಖಕ್ಕೆ ತಾವೇ ಉಗಿದುಕೊಳ್ಳಬೇಕೆನಿಸಿತು. ಹೇಳೋಣವೆಂದರೆ, ನೀನು ನಾರುತ್ತೀಯ ಎಂದು ಕಟ್ಟಿಕೊಂಡವಳಿಗೆ ಹೇಗೆ ಹೇಳುವುದು? ಹೇಳದಿದ್ದರೆ ಅವಳು ದಿನದಿನಕ್ಕೂ ದೂರ ಹೋಗುತ್ತಿದ್ದಾಳೆ. ಬಾಯಿಗೆ ಬಿದ್ದ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಇಂಥ ಹೊತ್ತಿನಲ್ಲಿ ಅವಳು ಮಿಷನ್ನಿನ ಮಾತೆತ್ತಿದಳು.

"ಒಳ್ಳೇ ಕಾಫಿ ಮಿಷನ್ ತಗೊಳ್ಳೋಣ ರೀ."

"ಯಾಕೆ? ಈಗಿರೋದಕ್ಕೇನಾಗಿದೆ?"

"ಮುಂಚೆ ಬೆಳಿಗ್ಗೆ ಇಬ್ರೂ ಇಲ್ಲೇ ಅಡುಗೆಕಟ್ಟೆಗೆ ಒರಗಿ ನಿಂತು ಕುಡೀತಿದ್ವಿ. ಈಗ ನೀವು ನಿಮ್ಮ ಲೋಟ ತಗೊಂಡೋಗಿ ಗಿಡಕ್ಕೆ ಹುಯ್ತೀರ. ನೋಡಿಲ್ಲ ಅಂದ್ಕೊಂಡಿದೀರಾ? ಆ ಗಿಡ ಸತ್ತೇ ಹೋಯ್ತು." ಅವಳು ನಗಲು ನೋಡಿದಳು. "ದೊಡ್ಡ ನಾಲಿಗೆ ನಿಮ್ದು. ನಾನ್ ಮಾಡೋ ಕಾಫಿ ಇನ್ನು ಗಂಟಲಲ್ಲಿ ಇಳಿಯಲ್ಲ, ಗೊತ್ತಾಗುತ್ತೆ ನಂಗೆ. ಮಿಷನ್ನೇ ಮಾಡ್ಲಿ. ಆಗ್ಲಾದ್ರೂ ನಿಲ್ತೀರಾ ನೋಡೋಣ."

ಮಾಸ್ತರು ಬೇಡ ಎನ್ನಲಾಗಲಿಲ್ಲ. ಬೇಡ ಅಂದರೆ ಏನು ಬೇಡ ಅಂದ ಹಾಗಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅವಳ ತಮ್ಮ ಲಿಫ್ಟು ರಿಪೇರಿ ಮಾಡುವವನು. ಸ್ಪ್ಯಾನರ್ ಹಾಕುವ ಯಾವ ವಸ್ತು ಕಂಡರೂ ಅವನಿಗೆ ಮೈಯಲ್ಲಿ ದೇವರು ಬಂದಂತಾಗುತ್ತಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಂದು ಕೂತು ಉಪನ್ಯಾಸ ಶುರುಮಾಡಿದ.

"ಭಾವ, ಕೇಳಿ. ಕಾಫಿ ಇಳಿಸೋ ನೀರು ಕುದೀಬಾರ್ದು, ಕುದಿಗಿಂತ ಸ್ವಲ್ಪ ಕಮ್ಮಿ ಇರ್ಬೇಕು. ಹಾಲಿಗೆ ನೊರೆ ಬರ್ಸೋ ಹಬೆಗೆ ನೀರು ಕುದೀಲೇಬೇಕು. ಒಂದೇ ಬಾಯ್ಲರ್ ಇದ್ರೆ ಒಂದಾದ್ಮೇಲೆ ಒಂದು. ನಿಮ್ಮ ಕರೀ ಕಾಫಿ ತಣ್ಣಗಾಗ್ತಾ ಕೂತಿರುತ್ತೆ, ಅಕ್ಕನ ಹಾಲು ಇನ್ನೂ ಕಾದಿರಲ್ಲ. ಎರಡು ಬಾಯ್ಲರ್ ಇದ್ರೆ ಒಂದ್ರಲ್ಲಿ ಕಾಫಿ, ಇನ್ನೊಂದ್ರಲ್ಲಿ ಹಬೆ. ಇಬ್ರಿಗೂ ಒಟ್ಟಿಗೇ ಬಿಸಿಬಿಸಿ."

"ಒಟ್ಟಿಗೇನಾ?" ಎಂದು ಅವಳು ಕೇಳಿದಳು.

"ಒಟ್ಟಿಗೇ ಅಕ್ಕ. ಒಬ್ರಿಗೊಬ್ರು ಕಾಯೋ ಹಾಗೇ ಇಲ್ಲ."

"ಹಾಗಾದ್ರೆ ಎರಡು ಬಾಯ್ಲರಿಂದೇ" ಎಂದು ಅವಳು ಅಲ್ಲೇ ತೀರ್ಮಾನ ಮಾಡಿದಳು.

ಮಿಷನ್ ಮಾರುವ ಅಂಗಡಿಗೆ ಮೂವರೂ ಹೋದರು. ಹೊರಗಿನಿಂದ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಜಾಗ, ಒಳಗೆ ಕಾಲಿಟ್ಟರೆ ಮಾಸ್ತರಿಗೆ ನರಕ. ಗಡ್ಡ ಬಾಚಿಕೊಂಡಿದ್ದ ಮಾರಾಟಗಾರ ಒದ್ದೆ ಬಟ್ಟೆಯೊಂದನ್ನು ಹೆಗಲಿಗೆ ಹಾಕಿಕೊಂಡಿದ್ದ. ಹಬೆಯ ಪೈಪನ್ನೂ ಅದರಲ್ಲೇ ಒರೆಸುತ್ತಿದ್ದ, ಕೌಂಟರನ್ನೂ ಅದರಲ್ಲೇ, ನಡುವೆ ತನ್ನ ಕೈಯನ್ನೂ. ಪೈಪಿನ ತುದಿಗೆ ಹಾಲು ಒಣಗಿ ಹಳದಿ ಚಕ್ಕೆ ಕಟ್ಟಿತ್ತು. ತಟ್ಟೆಯಲ್ಲಿ ಸೋರಿದ ಕಾಫಿಯ ಮೇಲೆ ಲೋಳೆಯ ಪೊರೆ. ಹಿಂಡಿದ ಕಾಫಿಚರಟವನ್ನು ಅವನು ಡಬ್ಬಿಗೆ ದಬ್ಬನೆ ಬಡಿದಾಗೆಲ್ಲ ಅದರೊಳಗಿಂದ ಒಂದು ಬಿಸಿ ಉಸಿರು ಎದ್ದುಬರುತ್ತಿತ್ತು. ಮಾಸ್ತರು ಬಾಯಲ್ಲಿ ಉಸಿರಾಡತೊಡಗಿದರು. ಬಾಯಲ್ಲಿ ಉಸಿರಾಡಿದರೆ ನಾತ ನಾಲಿಗೆಯ ಮೇಲೇ ಬಂದು ಕೂರುತ್ತದೆ ಎಂಬುದು ಆಮೇಲೆ ತಿಳಿಯಿತು.

"ಇದು ನೋಡಿ ಸಾರ್, ಒಂದೇ ಬಾಯ್ಲರ್, ಅದರ ಹೊಟ್ಟೆ ಒಳಗೇ ಕಾಫಿ ನೀರಿನ ಕೊಳವೆ ಹಾಯ್ಸಿದಾರೆ. ಎರಡೂ ಕೆಲಸ ಆಗುತ್ತೆ, ಆದ್ರೆ ಬಿಸಿ ಹದ ತಪ್ಪುತ್ತೆ. ಇದು ಪೂರ್ತಿ ಎರಡು ಬಾಯ್ಲರ್. ಎರಡಕ್ಕೂ ಬೇರೆ ಬೇರೆ ಬಿಸಿ ಇಡ್ಬಹುದು. ಹಬೆ ಬೇಡ ಅಂದ್ರೆ ಆ ಕಡೇದು ಆರಿಸ್ಬಿಡಿ. ತಗೊಳ್ಳಿ, ರುಚಿ ನೋಡಿ."

ಮೂರು ಜೊತೆ ಕಣ್ಣು ಮಾಸ್ತರ ಬಾಯಿಯ ಮೇಲೆ ನೆಟ್ಟವು. ಪೀಕದಾನಿ ಇಲ್ಲದ ಕಡೆ ಕಾಫಿ ಕುಡಿದು ಅವರಿಗೆ ಅಭ್ಯಾಸ ತಪ್ಪಿತ್ತು. ಸೊರ್ರೆಂದು ಎಳೆದರು, ಬಾಯಿತುಂಬ ಸುಟ್ಟ ರಬ್ಬರು. ಕಣ್ಣುಮುಚ್ಚಿ ನುಂಗಿದರು. ಮಾರಾಟಗಾರ ಅದನ್ನು ಆನಂದವೆಂದು ತಿಳಿದು ಮುಗುಳ್ನಕ್ಕ.

"ಬಿಸಿ ನಿಲ್ತಿಲ್ಲ" ಎಂದರು ಮಾಸ್ತರು, ಹೊರಗೆ ಹೋದರೆ ಸಾಕಾಗಿ. ಎರಡನೆಯದಕ್ಕೆ "ಸದ್ದು ಜಾಸ್ತಿ" ಎಂದರು. ಮೂರನೆಯದು ಮಾತ್ರ ನಿಜಕ್ಕೂ ದೊಡ್ಡದು, "ಮೂಗಿಗಿಂತ ಮೂಗುತಿ ಭಾರ ಆಯ್ತು, ಇದನ್ನಿಟ್ರೆ ಅಡುಗೆಮನೇಲಿ ನಾವು ಎಲ್ಲಿ ನಿಲ್ಲೋದು?" ಎಂದರು. ಪ್ರತಿ ಸಲವೂ ಹೆಂಡತಿಯ ಮುಖ ಇಷ್ಟಿಷ್ಟೇ ಚಿಕ್ಕದಾಗುತ್ತ ಬಂತು.

ತಮ್ಮನನ್ನು ದಾರಿಯಲ್ಲಿ ಇಳಿಸಿ ಹೊರಟ ಮೇಲೆ, ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಕೇಳಿದಳು. "ನಿಮಗೆ ಬೇಡವಾಗಿರೋದು ಮಿಷನ್ನೋ, ನನ್ ಜೊತೆ ನಿಂತು ಕುಡಿಯೋದೋ?"

"ಏನ್ ಮಾತು ಇದು" ಎಂದರು ಮಾಸ್ತರು. ಕಿಟಕಿ ಇಳಿಸಿದ್ದರು, ಎದುರಿನ ಲಾರಿಯ ಹೊಗೆಯೇ ವಾಸಿ ಎನಿಸುತ್ತಿತ್ತು. ಅವಳು ಅದನ್ನೂ ನೋಡಿದಳು, ತನ್ನ ಕಡೆಯ ಕಿಟಕಿಯ ಹತ್ತಿರಕ್ಕೆ ಸರಿದು ಕೂತಳು. ಇನ್ನು ಮುಂದೆ ಯಾವ ಮಿಷನ್ ತೋರಿಸಿದರೂ ಹೂಂ ಅನ್ನುವುದೇ ಸರಿ ಎಂದು ಮಾಸ್ತರು ಆ ಸಿಗ್ನಲ್ಲಿನಲ್ಲೇ ನಿಶ್ಚಯ ಮಾಡಿದರು.

ಮುಂದಿನ ಮಿಷನ್ನನ್ನು ತಮ್ಮನೇ ಹುಡುಕಿದ. ಯಾರದ್ದೋ ಪುಟ್ಟ ಕಾಫಿ ಅಂಗಡಿ ಬಾಗಿಲು ಹಾಕಿತ್ತು, ಮಾಲೀಕ ಸಾಮಾನು ಮಾರುತ್ತಿದ್ದ. "ಮನೆಗೆ ಅಂತ್ಲೇ ಮಾಡಿರೋ ಎರಡು ಬಾಯ್ಲರ್ ಮಿಷನ್ ಭಾವ. ಕಟ್ಟೆ ಮೇಲೆ ಸರಿಯಾಗಿ ಕೂರುತ್ತೆ. ಸದ್ದೇ ಇಲ್ಲ." ಭಾವನ ಮೂರು ದೂರುಗಳಲ್ಲಿ ಎರಡಕ್ಕೆ ಅವನು ಆಗಲೇ ಉತ್ತರ ಹುಡುಕಿಟ್ಟಿದ್ದ.

ಅಂಗಡಿಯ ಶಟರ್ ಎತ್ತಿದಾಗ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು. ಕುರ್ಚಿಗಳು ಮೇಜಿನ ಮೇಲೆ ಕವುಚಿ ಬಿದ್ದಿದ್ದವು. ನೆಲ ಒರೆಸುವ ಬಟ್ಟೆ ಬಕೆಟ್ಟಿನಲ್ಲೇ ಒಣಗಿ ಕೊರಡಾಗಿತ್ತು. ಹಲ್ಲಿನಲ್ಲಿ ಕಡ್ಡಿ ಇಟ್ಟುಕೊಂಡಿದ್ದ ಮಾಲೀಕ, "ಬಾಡಿಗೆ ಜಗಳ ಸಾರ್. ವ್ಯಾಪಾರ ನಡೀತಿದ್ದಾಗ್ಲೇ ಹೊರಗೆ ಹಾಕಿ ಬೀಗ ಜಡಿದ್ರು. ಆವತ್ತು ಹೇಗಿತ್ತೋ ಹಾಗೇ ಇದೆ, ಒಂದು ಸಾಮಾನೂ ಕದಲಿಲ್ಲ" ಎಂದ. ಅದು ಅಕ್ಷರಶಃ ನಿಜ. ಹಬೆಯ ಪೈಪು ಇನ್ನೂ ಹಾಲಿನ ಜಗ್ಗಿನೊಳಗೇ ಇಳಿದಿತ್ತು. ಜಗ್ಗಿನ ತಳದಲ್ಲಿ ಕಪ್ಪು ಹಸಿರು ಹೆಪ್ಪು. ಮಾಲೀಕ ಅದನ್ನು ಎಳೆದು ಕಸದ ಬುಟ್ಟಿಗೆ ಎಸೆದು, ಪೈಪನ್ನು ಪ್ಯಾಂಟಿಗೆ ಒರೆಸಿದ.

ನೀರು ತುಂಬಿ, ಕಾಯಿಸಿ, ತಮ್ಮ ತಂದಿದ್ದ ಹಾಲಿಗೆ ಹಬೆ ಬಿಟ್ಟರು. ಬುಸ್ಸೆಂದು ಎದ್ದ ಆವಿ ಮೂವರ ಮುಖವನ್ನೂ ಸವರಿತು. ಹೆಂಡತಿ ತೋಳಿನಿಂದ ಮೂಗು ಒರೆಸಿಕೊಂಡಳು. ತಮ್ಮ ಏನೋ ಹೇಳಲು ಬಾಯಿ ತೆರೆದವನು ತೆರೆದ ಹಾಗೇ ಭಾವನ ಮುಖ ನೋಡಿದ. ಅಕ್ಕನೂ ಅದೇ ಮುಖ ನೋಡಿದಳು.

ಮಾಸ್ತರಿಗೆ ನಾತ ಹೊಡೆದಿತ್ತು, ಹೊಡೆಯದೆ ಏನು. ಆದರೆ ಹೊಡೆಯದ ಜಾಗ ಲೋಕದಲ್ಲಿ ಎಲ್ಲಿತ್ತು? ಇದು ತಮ್ಮದೇ ಮೂಗಿನ ಹಳೆಯ ಕಾಟ, ಈ ಬಡಪಾಯಿ ಮಿಷನ್ನಿನದ್ದಲ್ಲ ಎಂದುಕೊಂಡರು. ಒಂದು ಚಮಚ ನೊರೆ ಬಾಯಿಗಿಟ್ಟರು. ನುಂಗಿದರು. ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಹೂಂ" ಎಂದರು ಮಾಸ್ತರು.

"ನಿಜವಾಗ್ಲೂ?"

"ಹೂಂ ಅಂದ್ನಲ್ಲ. ಚೆನ್ನಾಗಿದೆ."

ತಮ್ಮ ತೆರೆದ ಬಾಯಿ ಮುಚ್ಚಿದ. "ಭಾವ ಹೂಂ ಅಂದ್ಮೇಲೆ ಇನ್ನೇನಿದೆ" ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇರುತ್ತಾರೆ, ಸರಿ. ಇಲ್ಲಿ ಎತ್ತು ಕಣ್ಣೆದುರಿಗೇ ನಿಂತು ಗುಟುರು ಹಾಕುತ್ತಿದ್ದರೂ ಇವರು ಹಗ್ಗ ಹುಡುಕಿದರು. ಮಿಷನ್ನನ್ನು ಹಳೇ ಕಂಬಳಿಯಲ್ಲಿ ಸುತ್ತಿ ಮನೆಗೆ ತಂದರು.

ಮಾರನೆಯ ಬೆಳಿಗ್ಗೆ ಇಬ್ಬರೂ ಅಡುಗೆಕಟ್ಟೆಗೆ ಒರಗಿ ನಿಂತರು. ಒಂದು ಕಡೆಯಿಂದ ಅವರ ಕರೀ ಕಾಫಿ ಇಳಿಯಿತು, ಇನ್ನೊಂದು ಕಡೆಯಿಂದ ಅವಳ ಹಾಲು ನೊರೆಯೆದ್ದಿತು. ತಮ್ಮ ಹೇಳಿದ ಹಾಗೆ ಒಟ್ಟಿಗೇ. ಅವಳು ಒಂದು ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು.

"ಹೇಗಿದೆ?" ಎಂದರು ಮಾಸ್ತರು.

"ಚೆನ್ನಾಗಿದೆ. ಒಂಥರಾ... ಗಟ್ಟಿಯಾಗಿದೆ." ಅವಳ ಕಣ್ಣಲ್ಲಿ ನೀರಾಡಿತು. ಸಂತೋಷಕ್ಕೆ ಎಂದುಕೊಂಡರು ಮಾಸ್ತರು. ಅವರು ಒಂದು ಗುಟುಕನ್ನು ಬಾಯಲ್ಲೇ ಹಿಡಿದುಕೊಂಡು, ಏನೋ ತರುವವರಂತೆ ಹಿತ್ತಿಲ ಕಡೆಯ ಬಟ್ಟೆ ಒಗೆಯುವ ಜಾಗಕ್ಕೆ ಹೋಗಿ ಮೋರಿಗೆ ಉಗಿದು ಬಂದರು.

ಹೀಗೇ ಸಾಗಿತು. ತಮ್ಮ ಬಂದು ಒಂದು ಲೋಟ ಹಾಲಿನ ಕಾಫಿ ಕುಡಿದು, "ಹಳೇ ಚೀಸ್ ಥರ ಒಂದು ಘಮ ಇದೆ ಭಾವ, ಇದು ದೊಡ್ಡೋರ ರುಚಿ, ನಮ್ಮಂಥೋರಿಗೆ ನಿಧಾನಕ್ಕೆ ಹತ್ತುತ್ತೆ" ಎಂದ. ಎರಡನೆಯ ಲೋಟ ಮಾತ್ರ ಮುಟ್ಟಲಿಲ್ಲ. ಮೇಲಿನ ಮನೆಯ ನಿವೃತ್ತ ಜಡ್ಜ್ ಸಾಹೇಬರು ಒಂದು ಗುಟುಕಿಗೆ "ಅದ್ಭುತ" ಎಂದು ತೀರ್ಪು ಕೊಟ್ಟು ಹೋದವರು, ಆಮೇಲೆ ಈ ಬಾಗಿಲ ಮುಂದೆ ಹಾಯುವಾಗ ಫೋನಿನಲ್ಲಿ ಮಾತಾಡುತ್ತ ಹಾಯತೊಡಗಿದರು. ಹೆಂಡತಿ ಮಾತ್ರ ದಿನವೂ ಬಿಡದೆ ಕುಡಿದಳು. ಕುಡಿದಷ್ಟೂ ಸೊರಗಿದಳು. ಮಾಸ್ತರು ಜೊತೆಗೆ ನಿಲ್ಲುತ್ತಿದ್ದಾರಲ್ಲ, ಆ ನಿಲ್ಲುವುದನ್ನು ಯಾವ ರುಚಿಗೂ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಒಂದು ಬೆಳಿಗ್ಗೆ ಮಾಸ್ತರು ತಡಮಾಡಿದರು. ಪೇಪರು ತರುವ ನೆಪದಲ್ಲಿ ಬಾಯಿತುಂಬ ಕಾಫಿ ಇಟ್ಟುಕೊಂಡೇ ಬಾಗಿಲ ತನಕ ಹೋಗಿ, ಅಲ್ಲಿ ಜಡ್ಜ್ ಸಾಹೇಬರು ಸಿಕ್ಕಿ, ಬರೀ ತಲೆಯಾಡಿಸಿ ಮಾತು ಮುಗಿಸಿ, ಕೆನ್ನೆ ಉಬ್ಬಿಸಿಕೊಂಡು ಹಿತ್ತಿಲಿಗೆ ಓಡಿದರು. ಮೋರಿಯ ಹತ್ತಿರ ಆಗಲೇ ಒಬ್ಬರಿದ್ದರು. ಹೆಂಡತಿ ಒಂದು ಕೈ ಗೋಡೆಗೆ ಕೊಟ್ಟು ಬಗ್ಗಿ ನಿಂತಿದ್ದಳು. ಮೋರಿಯ ಬಾಯಿಗೆ ಕಂದು ಬಣ್ಣದ ಹಾಲು ಹರಿಯುತ್ತಿತ್ತು. ಬೆನ್ನು ಇನ್ನೊಮ್ಮೆ ಗೂನಾಯಿತು, ಓಕರಿಸಿದಳು, ಅಂಗೈಯಿಂದ ಬಾಯಿ ಒರೆಸಿಕೊಂಡು ತಿರುಗಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾಸ್ತರ ಕೆನ್ನೆ ಇನ್ನೂ ಉಬ್ಬಿತ್ತು. ನುಂಗಲು ನೋಡಿದರು, ಆಗಲಿಲ್ಲ. ಬಗ್ಗಿ ಅದೇ ಮೋರಿಗೆ ಉಗಿದರು.

ಅವಳಿಗೆ ಅದು ತಲೆಗೆ ಹೋಗಲೇ ಇಲ್ಲ, ತನ್ನ ತಪ್ಪು ಸಿಕ್ಕಿಬಿತ್ತೆಂದೇ ಗಾಬರಿ. "ಬೈಬೇಡಿ ರೀ. ನಂಗೆ ಇನ್ನು ಆಗಲ್ಲ. ಅದು ನಾರುತ್ತೆ. ಗೋಡೆ ಸಂದೀಲಿ ಇಲಿ ಸತ್ತ ಹಾಗೆ ನಾರುತ್ತೆ. ನಿಮ್ಮಂಥ ನಾಲಿಗೆ ನಂದಲ್ಲ, ನಿಮ್ಗೆ ಚೆನ್ನಾಗಿರೋದು ನಂಗೆ ಹೇಸಿಗೆ ಆಗ್ತಿದೆ. ಎಷ್ಟು ಪ್ರಯತ್ನಪಟ್ಟೆ ಗೊತ್ತಾ?"

"ನಾರುತ್ತಾ?" ಎಂದರು ಮಾಸ್ತರು. "ನಿಂಗೂ ನಾರುತ್ತಾ?"

ಅವರಿಗೆ ನಗು ಬಂತು, ತಡೆಯಲಾಗದ ನಗು. ಇಷ್ಟು ತಿಂಗಳು ನಾರುವ ಲೋಕದಲ್ಲಿ ಒಬ್ಬರೇ ಇದ್ದರಲ್ಲ, ಈಗ ಇನ್ನೊಬ್ಬರು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಬಂದು ನಿಂತಂತಾಗಿತ್ತು. ಅವಳು ನಗಲಿಲ್ಲ.

"ನಿಂಗೂ ಅಂದ್ರೆ ಏನ್ರೀ ಅರ್ಥ?"

ನಗು ನಿಂತಿತು. ಮಾಸ್ತರು ನೆಲ ನೋಡುತ್ತ ಹೇಳಿದರು, "ಜ್ವರ ಬಂದಾಗಿಂದ ಮೂಗು ಕೆಟ್ಟಿದೆ. ಕಾಫಿ ನಾರುತ್ತೆ. ಮೊಟ್ಟೆ, ಪೇಸ್ಟು, ಸೋಪು, ಬ್ರೆಡ್ಡು, ಎಲ್ಲ. ಆ ಮಿಷನ್ನೂ ಹಾಗೇ ಅಂದ್ಕೊಂಡೆ. ಕಂಪನೀಲಿ ಬೇರೆಯೋರ ಮಾತು ಕದ್ದು ಹೇಳ್ತಿದೀನಿ." ಅಲ್ಲಿಗೆ ನಿಲ್ಲಿಸಿದರು. ಅವಳು ನಿಲ್ಲಿಸಲಿಲ್ಲ.

"ಮತ್ತೆ ಪಕ್ಕದ ಕೋಣೆ?"

ಮಾಸ್ತರು ತುಟಿಗೆ ಹತ್ತಿದ್ದ ಕಾಫಿ ಒರೆಸಿಕೊಂಡರು.

"ಕಾರಿನ ಕಿಟಕಿ? ನಾನ್ ಸೆಂಟ್ ಹಾಕಿದ ದಿನ ಬಂತಲ್ಲ, ಆ ಫೋನು?" ಅವಳ ದನಿ ಇಳಿಯಿತು. "ನಾನೂನಾ?"

"ಹೂಂ" ಎಂದರು ಮಾಸ್ತರು. ಜೀವಮಾನದಲ್ಲಿ ಎಷ್ಟೋ ಸಾವಿರ ಬಟ್ಟಲಿಗೆ ಹೇಳಿದ ಮಾತು ಅದು.

ಅವಳು ಅಳಲಿಲ್ಲ. ನಲ್ಲಿ ತಿರುಗಿಸಿ ಬಾಯಿ ತೊಳೆದಳು, ಮೋರಿಗೂ ಒಂದು ಚೊಂಬು ನೀರು ಸುರಿದಳು. ಆಮೇಲೆ ಹೇಳಿದಳು, "ನಾನು ಡಾಕ್ಟರ ಹತ್ರ ಹೋಗಿದ್ದೆ. ನನ್ನ ಮೈ ವಾಸನೆ ಬರುತ್ತಾ ನೋಡಿ ಡಾಕ್ಟ್ರೇ ಅಂತ ಕೇಳ್ದೆ. ನಲವತ್ತು ದಾಟಿದ ಹೆಂಗಸು ನಾನು. ಅವರು ನಕ್ಕರು." ಚೊಂಬು ಕೆಳಗಿಟ್ಟಳು. "ಮೂಗು ಕೆಡೋದು ಹೇಸಿಗೆ ಅಲ್ಲ ರೀ. ನಾಯಿ ಥರ ನನ್ನ ಬಟ್ಟೆ ನಾನೇ ಮೂಸ್ಕೊಳ್ಳೋ ಹಾಗೆ ಮಾಡಿ ಸುಮ್ನೆ ನೋಡ್ತಿದ್ರಲ್ಲ, ಅದು ಹೇಸಿಗೆ. ಥೂ."

ಈಜಿನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಬಾಗಿಲು ಜೋರಾಗಿಯೂ ಹಾಕಲಿಲ್ಲ.

ಮಾಸ್ತರು ಕಂಪನಿಗೆ ರಜೆ ಹೇಳಿ ಅವಳ ತಮ್ಮನನ್ನು ಕರೆಸಿದರು. ಅವನು ಮಿಷನ್ನನ್ನು ಹಿತ್ತಿಲಿಗೆ ಹೊತ್ತು ತಂದು, ಹೊರಕವಚ ಬಿಚ್ಚಿ, ಹಬೆಯ ಬಾಯ್ಲರಿನ ತಳದ ತಿರುಪು ಸಡಿಲಿಸಿದ. ಮೊದಲು ಬಂದದ್ದು ಬೂದು ಬಣ್ಣದ ನೀರು. ಆಮೇಲೆ ಗಂಟು ಗಂಟು. ಸುಟ್ಟ ಚರ್ಮದಂಥ ಚಕ್ಕೆಗಳು, ಅವುಗಳಿಗೆ ಅಂಟಿದ ಹಳದಿ ಲೋಳೆ, ಕೊನೆಗೆ ತಿರುಪಿನ ಬಾಯಿಗೆ ಸಿಕ್ಕಿಕೊಂಡು ನಿಧಾನವಾಗಿ ಜೋತುಬಿದ್ದ ಒಂದು ಹಗ್ಗ, ಹಗ್ಗವಲ್ಲ, ಕೊಳೆತ ಹಾಲಿನ ಗಟ್ಟಿ. ಅದು ಬಕೆಟ್ಟಿಗೆ ಪಚಕ್ಕನೆ ಬಿತ್ತು. ತಮ್ಮ ಓಡಿಹೋಗಿ ಗೋಡೆಯಾಚೆ ತಲೆ ಹಾಕಿದ.

"ಆ ಜಗ್ಗು!" ಎಂದ ವಾಪಸು ಬಂದು. "ಪೈಪು ಹಾಲಲ್ಲೇ ಬಿಟ್ಟು ಕರೆಂಟು ತೆಗೆದಿದಾರೆ ಭಾವ. ಬಾಯ್ಲರ್ ತಣ್ಣಗಾಗ್ತಾ ಹಾಲನ್ನ ಒಳಕ್ಕೆ ಹೀರ್ಕೊಂಡಿದೆ. ಆಮೇಲೆ ನಾವು ಅದನ್ನೇ ಕುದಿಸಿ ಕುದಿಸಿ..."

"ನಿಂಗೆ ಆವತ್ತೇ ವಾಸನೆ ಬರ್ಲಿಲ್ವೇನೋ?"

"ಬಂತು. ಅಂಗಡೀಲೇ ಬಂತು. ಆದ್ರೆ ನೀವು ಹೂಂ ಅಂದ್ರಲ್ಲ ಭಾವ." ಅವನು ಇನ್ನೊಂದು ಬಾಯ್ಲರಿನ ತಿರುಪು ಬಿಚ್ಚಿ ಬೆರಳು ಒದ್ದೆ ಮಾಡಿ ಮೂಸಿದ. "ಇದು ಶುದ್ಧವಾಗಿದೆ. ನಿಮ್ಮ ಕಾಫಿಗೇನೂ ಆಗಿಲ್ಲ. ಕೊಳೆತಿರೋದೆಲ್ಲ ಅಕ್ಕನ ಕಡೇದು."

ಮಾಸ್ತರು ಬಕೆಟ್ಟಿನ ಮೇಲೆ ಬಗ್ಗಿ ಉಸಿರೆಳೆದುಕೊಂಡರು. ತಮ್ಮದೇ ಮೂಗಿನ ಸುಳ್ಳೋ ಲೋಕದ ನಿಜವೋ ಎಂದು ಕೇಳಿಕೊಳ್ಳಬೇಕಾಗಿಲ್ಲದ ನಾತ ಅದು. ಇದನ್ನು ಅವಳು ದಿನವೂ, ತಾವು ಅಂದ ಒಂದು ಹೂಂಗೆ, ಕಟ್ಟೆಗೆ ಒರಗಿ ನಿಂತು ನಗುತ್ತ ನುಂಗಿದ್ದಾಳೆ. "ನೀನು ಹೋಗು, ಇದು ನನ್ನ ಕೆಲಸ" ಎಂದು ಬಾಮೈದನನ್ನು ಕಳಿಸಿ, ಬ್ರಷ್ಷು ತೂರಿಸಿ, ಬೆರಳು ತೂರಿಸಿ, ಬಿಸಿನೀರು ಸುರಿದು ಸುರಿದು ಬಾಯ್ಲರನ್ನು ತೊಳೆದರು. ಎರಡು ಸಲ ವಾಂತಿಯಾಯಿತು. ನಿಲ್ಲಿಸಲಿಲ್ಲ.

ಸಂಜೆ ಅವಳು ಬರುವ ಹೊತ್ತು ದಾಟಿತು. ಅಡುಗೆಮನೆಯ ಬೆಂಚಿನ ಮೇಲೆ ಕೂತು ಮಾಸ್ತರು ಬಾಗಿಲನ್ನೇ ನೋಡುತ್ತಿದ್ದರು. ಬಾರದೇ ಹೋದರೆ ಎಂಬ ಯೋಚನೆ ಬಂದು, ಅದನ್ನು ಪೂರ್ತಿ ಯೋಚಿಸುವ ಧೈರ್ಯ ಬರಲಿಲ್ಲ. ತೊಳೆದ ಬಕೆಟ್ಟು ಕಾಲ ಹತ್ತಿರವೇ ಇತ್ತು.

ಬೀಗ ತಿರುಗಿದ ಸದ್ದಾಯಿತು. ಅವಳು ಒಳಗೆ ಬಂದಳು. ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕಿ ಕಾಲರು ಒದ್ದೆಯಾಗಿತ್ತು. ಬಚ್ಚಲಿನ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು, ಮೈ ಆ ಕಡೆಗೇ ಎಳೆಯಿತು. ಆಮೇಲೆ ಚೀಲ ಕೆಳಗಿಟ್ಟು, ಬಂದು, ಮಾಸ್ತರ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

"ಈಗ ನಾರುತ್ತಾ?"

ಮಾಸ್ತರು ಉಸಿರೆಳೆದರು.

"ತಮ್ಮ ಫೋನ್ ಮಾಡಿ ಎಲ್ಲ ಹೇಳ್ದ. ಸುಳ್ಳು ಹೇಳಿದ್ರೆ ಆ ಬಕೆಟ್ಟಲ್ಲಿದ್ದುದನ್ನ ಕುಡಿಸ್ತೀನಿ."

"ಇಲ್ಲ ಕಣೇ. ಈಜುಕೊಳ, ಅಷ್ಟೇ."

"ಅದಕ್ಕೇನಾ ಸ್ನಾನ ಆಮೇಲೆ ಮಾಡು ಅಂತಿದ್ದಿದ್ದು?"

"ಹೂಂ."

ಅವಳು ಒದ್ದೆ ಕೂದಲನ್ನು ಹಿಂಡಿಕೊಂಡಳು. "ನಾಳೆ ಕಂಪನೀಲೂ ಹೇಳ್ಬೇಕು ನೀವು" ಎಂದಳು. ಹೇಳುತ್ತೇನೆ ಎಂದರು ಮಾಸ್ತರು.

"ಸಿಟ್ಟು ಹೋಗಿಲ್ಲ ನಂಗೆ."

"ಗೊತ್ತು."

"ಮೈಯೆಲ್ಲ ಕೆರೀತಿದೆ" ಎಂದಳು. ಮುಂಗೈ ಕೆರೆದುಕೊಂಡಳು, ಕುತ್ತಿಗೆ ಕೆರೆದುಕೊಂಡಳು. ಎದ್ದು ಹೋಗಲಿಲ್ಲ.